ಗ್ರಹಗಳನ್ನು ದೂಡುವ ಅನಿಲ

1995ರಲ್ಲಿ ಖಗೋಳವಿಜ್ಞಾನಿಗಳಾದ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ '51 ಪೆಗಾಸಿ' ಎಂಬ ನಕ್ಷತ್ರದ ಸುತ್ತ ಒಂದು ಗ್ರಹ ಕಂಡುಹಿಡಿದರು. ತೂಕ ಗುರುವಿನ ಸುಮಾರು ಅರ್ಧ. ಒಂದು ಸುತ್ತಿಗೆ ಬರೀ 4.2 ದಿನ. ನಮ್ಮ ಬುಧನಿಗೇ 88 ದಿನ ಬೇಕು. ನಕ್ಷತ್ರಕ್ಕೆ ಅಷ್ಟು ಅಂಟಿಕೊಂಡು, ಅಷ್ಟು ಬಿಸಿಯಲ್ಲಿ ಇಂಥ ದೈತ್ಯ ಹುಟ್ಟುವುದು ಬಹಳ ಕಷ್ಟ. ಹಾಗಾದರೆ ಎಲ್ಲಿಂದಲೋ ಬಂದಿರಬೇಕು ಅಲ್ವಾ? ಎಳೆಯ ಗ್ರಹಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ನನ್ನಂಥವರು ಇಂದಿಗೂ ಈ ಪ್ರಶ್ನೆಯ ಹಿಂದೆಯೇ ಇದ್ದೇವೆ.

ಹೊಸ ನಕ್ಷತ್ರದ ಸುತ್ತ ಅನಿಲ ಮತ್ತು ದೂಳಿನ ಚಪ್ಪಟೆ ತಟ್ಟೆ ಇರುತ್ತದೆ. ನೂರರಲ್ಲಿ ಸುಮಾರು 99 ಪಾಲು ಅನಿಲ, ಒಂದು ಪಾಲು ದೂಳು. ಗ್ರಹಕ್ಕೆ ಗಟ್ಟಿ ಬುನಾದಿ ಕೊಡುವುದು ಆ ಒಂದು ಪಾಲು. ಆದರೆ ಗ್ರಹ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವುದು ಮಾತ್ರ ಅನಿಲವೇ.

ಕಲ್ಲಿನಿಂದಲೇ ಶುರು ಮಾಡೋಣ. ಅನಿಲಕ್ಕೆ ತನ್ನದೇ ಒತ್ತಡದ ಆಸರೆ ಇರುವುದರಿಂದ ಅದು ಕಲ್ಲಿಗಿಂತ ಸ್ವಲ್ಪ ನಿಧಾನವಾಗಿ ಸುತ್ತುತ್ತದೆ. ಹಾಗಾಗಿ ಕಲ್ಲಿಗೆ ಸದಾ ಎದುರು ಗಾಳಿ. ವೇಗ ಕಳೆದುಕೊಂಡು ಅದು ಒಳಕ್ಕೆ ಜಾರುತ್ತದೆ. ಭೂಮಿಯಷ್ಟು ದೂರದಲ್ಲಿರುವ ಮೀಟರ್ ಗಾತ್ರದ ಬಂಡೆ ಕೆಲವು ನೂರು ವರ್ಷದಲ್ಲೇ ನಕ್ಷತ್ರದ ಪಾಲಾಗಬಹುದು. ಗ್ರಹವಾಗಲು ಸಮಯವೇ ಇಲ್ಲ! 2005ರಲ್ಲಿ ಯೂಡಿನ್ ಮತ್ತು ಗುಡ್‌ಮನ್ ಎಂಬ ವಿಜ್ಞಾನಿಗಳು ಒಂದು ದಾರಿ ತೋರಿಸಿದರು. ಕಲ್ಲುಹರಳುಗಳು ಗುಂಪಾದರೆ ಸುತ್ತಲಿನ ಅನಿಲವನ್ನೂ ತಮ್ಮ ಜೊತೆ ಎಳೆಯುತ್ತವೆ. ಎದುರು ಗಾಳಿ ತಗ್ಗುತ್ತದೆ, ಜಾರುವುದು ನಿಧಾನವಾಗುತ್ತದೆ, ಹೊರಗಿನಿಂದ ಜಾರಿ ಬರುವ ಹರಳುಗಳೂ ಸೇರಿಕೊಳ್ಳುತ್ತವೆ. ಗುಂಪು ಸಾಕಷ್ಟು ದಟ್ಟವಾದಾಗ ತನ್ನ ಗುರುತ್ವಕ್ಕೇ ಕುಸಿದು ಹತ್ತಾರು ಕಿಲೋಮೀಟರ್ ಅಗಲದ ಉಂಡೆಗಳಾಗುತ್ತವೆ. ಈ ವಿಚಾರ ನನಗೆ ಈಗಲೂ ತುಂಬಾ ಇಷ್ಟ.

ಮುಂದಿನದು ಬೇಗ ಆಗಬೇಕು. ಉಂಡೆಯ ತೂಕ ಭೂಮಿಯ ಹತ್ತು ಪಟ್ಟಿನ ಹತ್ತಿರ ಬಂದರೆ ಅನಿಲವನ್ನು ರಾಶಿ ರಾಶಿಯಾಗಿ ಎಳೆದುಕೊಂಡು ಗುರುವಿನಂತೆ ಬೆಳೆಯಬಲ್ಲದು. ಆದರೆ ಅನಿಲ ಉಳಿಯುವುದು ಕೆಲವೇ ದಶಲಕ್ಷ ವರ್ಷ.

ಬೆಳೆದ ಗ್ರಹವನ್ನೂ ಅನಿಲ ಬಿಡುವುದಿಲ್ಲ. ಗ್ರಹದ ಗುರುತ್ವದಿಂದ ತಟ್ಟೆಯಲ್ಲಿ ಸುರುಳಿ ಅಲೆಗಳು ಏಳುತ್ತವೆ. ಒಳಗಿನ ಅಲೆ ಗ್ರಹವನ್ನು ಮುಂದಕ್ಕೆ ಎಳೆಯುತ್ತದೆ, ಹೊರಗಿನದು ಹಿಂದಕ್ಕೆ. ಸಾಮಾನ್ಯವಾಗಿ ಹೊರಗಿನದೇ ಗೆಲ್ಲುತ್ತದೆ. ಗ್ರಹ ಒಳಕ್ಕೆ ಸರಿಯುತ್ತದೆ. ಭೂಮಿಯಷ್ಟು ತೂಕದ್ದಾದರೆ ಸುಮಾರು ಒಂದು ಲಕ್ಷ ವರ್ಷ ಸಾಕು. ನಾನು ಮೊದಲು ಓಡಿಸಿದ ಲೆಕ್ಕಗಳಲ್ಲಿ ಒಂದು ಗ್ರಹವೂ ಉಳಿಯಲಿಲ್ಲ, ಎಲ್ಲವೂ ನಕ್ಷತ್ರಕ್ಕೆ ಬಿದ್ದವು. ತಟ್ಟೆಯ ಬಿಸಿ, ದಟ್ಟಣೆ ತಟ್ಟನೆ ಬದಲಾಗುವ ಜಾಗಗಳನ್ನು ಸೇರಿಸಿದ ಮೇಲೆ ಕೆಲವು ನಿಂತವು. ನಕ್ಷತ್ರದ ಕಾಂತಕ್ಷೇತ್ರ ಅನಿಲವನ್ನು ತಡೆದ ಒಳ ಅಂಚು ಅಂಥ ಒಂದು ತಾಣ.

ಹೀಗೆ ಸರಿದದ್ದಕ್ಕೆ ಗುರುತು ಇದೆಯೇ? ಇದೆ. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಎಂಬ ನಕ್ಷತ್ರದ ಸುತ್ತ ಏಳು ಗ್ರಹಗಳಿವೆ. ನಾಲ್ಕನೆಯದಕ್ಕೆ ಒಂದು ಸುತ್ತಿಗೆ 6.1 ದಿನ, ಐದನೆಯದಕ್ಕೆ 9.2. ಅಂದರೆ ಮೂರು ಸುತ್ತಿಗೆ ಎರಡು ಸುತ್ತು. ಉಳಿದವೂ ಹೀಗೇ ತಾಳ ಹಿಡಿದಿವೆ. ಸುಮ್ನೆ ಆಕಸ್ಮಿಕವಾಗಿ ಏಳು ಗ್ರಹಗಳಿಗೆ ಈ ಲಯ ಕೂಡಿಬರುವುದು ಅಸಾಧ್ಯಕ್ಕೆ ಹತ್ತಿರ. ಒಳಕ್ಕೆ ಸರಿಯುವಾಗ ಒಂದನ್ನೊಂದು ಹಿಡಿದುಕೊಂಡಿರಬೇಕು.

ಆದರೆ 51 ಪೆಗಾಸಿಯ ಥರದ ಬಿಸಿ ದೈತ್ಯರೆಲ್ಲ ಅನಿಲದ ದಾರಿಯಲ್ಲೇ ಬಂದವು ಎಂದು ನಾನು ಒಪ್ಪುವುದಿಲ್ಲ. ಅವುಗಳಲ್ಲಿ ಕೆಲವು ತಮ್ಮ ನಕ್ಷತ್ರ ತಿರುಗುವ ದಿಕ್ಕಿಗೆ ಉಲ್ಟಾ ಸುತ್ತುತ್ತವೆ. ಶಾಂತವಾದ ತಟ್ಟೆಯಲ್ಲಿ ಸರಿದು ಬಂದದ್ದು ಉಲ್ಟಾ ತಿರುಗುವುದು ಕಷ್ಟ. ಬೇರೆ ಗ್ರಹವೋ ಜೊತೆಯ ನಕ್ಷತ್ರವೋ ಅವುಗಳ ಕಕ್ಷೆಯನ್ನು ಕೆಡಿಸಿ ಒಳಕ್ಕೆ ತಳ್ಳಿರುವ ಸಾಧ್ಯತೆಯೇ ಜಾಸ್ತಿ.

ಅನಿಲ ಇನ್ನೂ ಉಳಿದಿರುವ ಪಿಡಿಎಸ್ 70 ಎಂಬ ನಕ್ಷತ್ರವನ್ನು ಈಗ ಎಲ್ಲರೂ ಗಮನಿಸುತ್ತಿದ್ದಾರೆ. ವಯಸ್ಸು ಸುಮಾರು 50 ಲಕ್ಷ ವರ್ಷ. ತಟ್ಟೆಯ ಖಾಲಿ ಜಾಗದಲ್ಲಿ ಎರಡು ದೈತ್ಯ ಗ್ರಹಗಳು ಇನ್ನೂ ಅನಿಲ ಎಳೆದುಕೊಳ್ಳುತ್ತಿವೆ. ಒಳಗಿನದು ಎರಡು ಸುತ್ತು ಹಾಕುವಷ್ಟರಲ್ಲಿ ಹೊರಗಿನದು ಹೆಚ್ಚುಕಡಿಮೆ ಒಂದು ಸುತ್ತು ಮುಗಿಸುತ್ತದೆ.