ಕಡಲು ಪಕ್ಕದಲ್ಲೇ ಇದೆ, ರೀಫ್ ಟ್ಯಾಂಕಿಗೆ ಅದೇ ನೀರು ಆಗದೇ?

ಪ್ರಶ್ನೆ: ನಮ್ಮ ಮನೆ ಕುಂಬಳೆ ಹತ್ತಿರ. ಕಡಲಿಗೆ ನಡೆದೇ ಹೋಗಬಹುದು. ಚಾವಡಿಯಲ್ಲಿ ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ರೀಫ್ ಟ್ಯಾಂಕ್, ಅಂದರೆ ಹವಳ, ಕಡಲ ಮೀನು ಸಾಕುವ ಗಾಜಿನ ತೊಟ್ಟಿ ಕಟ್ಟಿಸಬೇಕೆಂದಿದ್ದೇನೆ. ಅಷ್ಟು ದೊಡ್ಡ ಟ್ಯಾಂಕಿಗೆ ದುಡ್ಡು ಕೊಟ್ಟು ರೀಫ್ ಸಾಲ್ಟ್ (ಸಿಹಿನೀರಿಗೆ ಕಲಸಿ ಕಡಲ ನೀರಿನಂತೆ ಮಾಡುವ ಉಪ್ಪು) ತರುವ ಬದಲು ಕಡಲ ನೀರನ್ನೇ ತುಂಬಿಸಿದರೆ ಆಗದೇ?

ಉತ್ತರ: ಮೊದಲ ಸಲ ತುಂಬಿಸಲು ಆಗುತ್ತದೆ, ಅದೂ ಜನವರಿಯಿಂದ ಏಪ್ರಿಲ್ ಒಳಗೆ. ವರ್ಷವಿಡೀ ಅದನ್ನೇ ನಂಬಿ ಟ್ಯಾಂಕ್ ನಡೆಸಲು ಆಗುವುದಿಲ್ಲ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಯಾರು ಟ್ಯಾಂಕ್ ಕಟ್ಟಿಸಲು ಹೊರಟರೂ ಇದನ್ನೇ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಹವಳಕ್ಕೆ ಬೇಕಾದದ್ದು ಇವತ್ತು, ನಾಳೆ, ಆರು ತಿಂಗಳ ಮೇಲೂ ಒಂದೇ ತರ ಇರುವ ಉಪ್ಪು ನೀರು. ಲಕ್ಷದ್ವೀಪದಲ್ಲಿ ಒಂದು ಹೊಳೆಯೂ ಇಲ್ಲ, ಅಲ್ಲಿ ಹವಳ ಚೆನ್ನಾಗಿ ಬೆಳೆಯಲು ಅದೂ ಒಂದು ಕಾರಣ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಸಾಲಾಗಿ ಬಂದು ಕಡಲು ಸೇರುತ್ತವೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಳಿವೆ ಬಾಗಿಲ ಹತ್ತಿರ ಹೋಗಿ ನೋಡಿ, ಕಡಲು ಕೆಂಪಾಗಿರುತ್ತದೆ. ರೀಫ್ ಟ್ಯಾಂಕಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಇರಬೇಕು, ಸಾಂದ್ರತೆ 1.025ರ ಆಸುಪಾಸು. ಮಳೆಗಾಲದಲ್ಲಿ ಅಳಿವೆ ಹತ್ತಿರದ ನೀರು ಇದಕ್ಕಿಂತ ಎಷ್ಟೋ ಸಪ್ಪೆ. ಜೊತೆಗೆ ಮಣ್ಣು, ಕೊಳೆತ ಸೊಪ್ಪು, ಗೊಬ್ಬರ, ಊರಿನ ಚರಂಡಿ ಎಲ್ಲ ಸೇರಿರುತ್ತದೆ.

ಮಳೆ ನಿಂತ ಕೂಡಲೇ ಸರಿಯಾಯಿತು ಅಂದುಕೊಳ್ಳಬೇಡಿ. ಕೆಲವು ಸಲ ರಾತ್ರಿ ಹೊತ್ತು ತೆರೆಗಳು ನೀಲಿಯಾಗಿ ಹೊಳೆಯುತ್ತವೆ, ಜನ ಮೊಬೈಲ್ ಹಿಡಿದು ಓಡುತ್ತಾರೆ. ಅದಕ್ಕೆ ಹೆಚ್ಚಾಗಿ ಕಾರಣ ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿ. ಅದರ ಮೈಯಲ್ಲಿ ಅಮೋನಿಯಾ ಜಾಸ್ತಿ. ಆ ನೀರು ತಂದು ಮೀನಿಗೆ ಹಾಕಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ ಅಲ್ವಾ?

ನೀರು ತರುವುದೇ ಆದರೆ ಬೇಸಿಗೆಯಲ್ಲಿ, ತುಂಬು ಉಬ್ಬರದ ಹೊತ್ತಿಗೆ, ಅಳಿವೆಯಿಂದಲೂ ಮೀನುಗಾರಿಕಾ ಬಂದರಿನಿಂದಲೂ ದೂರದಲ್ಲಿ ತನ್ನಿ. ದಡದಲ್ಲಿ ಬಕೆಟ್ ಅದ್ದುವುದಕ್ಕಿಂತ ದೋಣಿಯವರನ್ನು ಕೇಳಿ, ತೆರೆ ಒಡೆಯುವ ಜಾಗ ದಾಟಿ ಆಚೆಯಿಂದ ತರಿಸುವುದು ಒಳ್ಳೆಯದು. ರಿಫ್ರಾಕ್ಟೋಮೀಟರ್ ಇಟ್ಟು ಅಲ್ಲೇ ಉಪ್ಪು ನೋಡಿ. ಮನೆಗೆ ತಂದ ಮೇಲೆ ಬೆಳಕು ಬೀಳದ ಡ್ರಮ್ಮಿನಲ್ಲಿ ಕೆಲವು ದಿನ ಬಿಟ್ಟು, ತಳದ ಕೆಸರು ಕದಡದಂತೆ ಮೇಲಿನ ನೀರು ಮಾತ್ರ ತೆಗೆದು ಸೋಸಿ. ಸಿಗಡಿ ಮರಿ ಮಾಡುವವರು ಕ್ಲೋರಿನ್ ಹಾಕಿ, ಗಾಳಿ ಬಿಟ್ಟು, ಉಳಿದ ಕ್ಲೋರಿನ್ನನ್ನು ಥಯೋಸಲ್ಫೇಟ್‌ನಿಂದ ತೆಗೆಯುತ್ತಾರೆ. ನೀವೂ ಹಾಗೇ ಮಾಡಬಹುದು, ಕೊನೆಗೆ ಕ್ಲೋರಿನ್ ಟೆಸ್ಟ್ ಮಾತ್ರ ಬಿಡಬೇಡಿ.

ಇನ್ನು ಲೆಕ್ಕ. ನಿಮ್ಮ ಟ್ಯಾಂಕ್ 60 ಘನ ಅಡಿ, ಅಂದರೆ ಹತ್ತಿರ ಹತ್ತಿರ 1,700 ಲೀಟರ್. ಸಾಲ್ಟ್ ಕಲಸಿ ತುಂಬಿಸಿದರೆ 60 ಕಿಲೋಗಿಂತ ಮೇಲೆ ಬೇಕು. ಕಡಲ ನೀರು ಉಳಿಸುವುದು ಇಷ್ಟನ್ನೇ. ಆಮೇಲೆ ಪ್ರತಿ ಸಲ ಶೇ 10 ನೀರು ಬದಲಿಸಲು 170 ಲೀಟರ್, ಆರು ಕಿಲೋ ಚಿಲ್ಲರೆ ಸಾಲ್ಟ್. ಮಳೆಗಾಲದಲ್ಲಿ ಇದು ತಪ್ಪುವುದಿಲ್ಲ. ಒಂದು ಎಚ್ಚರಿಕೆ: ಕಡಲ ನೀರಿನ ಆಲ್ಕಲಿನಿಟಿ (ಆಮ್ಲವನ್ನು ತಡೆಯುವ ಶಕ್ತಿ, ಅದನ್ನು ಅಳೆಯುವ ಮಾನ ಡಿಕೆಎಚ್) 7 ಡಿಕೆಎಚ್ ಹತ್ತಿರ ಇರುತ್ತದೆ, ಕೆಲವು ಸಾಲ್ಟ್‌ಗಳಲ್ಲಿ 10 ದಾಟುತ್ತದೆ. ಒಂದು ಸಲ ಅದು, ಒಂದು ಸಲ ಇದು ಎಂದು ಹಾಕಿದರೆ ಹವಳ ಸೊರಗುತ್ತದೆ. ಹವಳ ಬೆಳೆದಂತೆ ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ಎಳೆದುಕೊಳ್ಳುವುದರಿಂದ ಯಾವ ನೀರು ಹಾಕಿದರೂ ಡೋಸಿಂಗ್, ಅಂದರೆ ಅವನ್ನು ಅಳತೆ ನೋಡಿ ಮತ್ತೆ ಸೇರಿಸುವುದು, ಬೇಕೇ ಬೇಕು. ನನ್ನನ್ನು ಕೇಳಿದರೆ ಇಷ್ಟು ದೊಡ್ಡ ಟ್ಯಾಂಕಿಗೆ ಮೊದಲಿನಿಂದಲೂ ಸಾಲ್ಟೇ ವಾಸಿ.

ಕಡಲ ನೀರಿಗಿಂತ ನಾನು ಹೆದರುವುದು ಸಿಹಿನೀರಿಗೆ. ಟ್ಯಾಂಕಿನಿಂದ ದಿನಾ ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಕಡಿಮೆಯಾದದ್ದನ್ನು ಸಿಹಿನೀರಿನಿಂದಲೇ ತುಂಬಿಸಬೇಕು, ಕಡಲ ನೀರು ಹಾಕಿದರೆ ಉಪ್ಪು ಏರುತ್ತಾ ಹೋಗುತ್ತದೆ. ಈ ಸಿಹಿನೀರು ಎಲ್ಲಿಂದ ಬರುತ್ತದೆ ಎನ್ನುವುದೇ ದೊಡ್ಡ ವಿಷಯ. ಬಾವಿ ಪಕ್ಕದಲ್ಲಿ ಅಡಿಕೆ ತೋಟ ಇದೆಯಾ? ಕೊಳೆರೋಗಕ್ಕೆ ಮಳೆಗೆ ಮೊದಲು ಒಮ್ಮೆ, ನಡುವೆ ಇನ್ನೊಮ್ಮೆ ಮದ್ದು ಬಿಡುತ್ತಾರಲ್ಲ, ಆ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತು, ಅಂದರೆ ತಾಮ್ರ. ಹವಳ, ಸಿಗಡಿ, ಬಸವನಹುಳು ಇವಕ್ಕೆಲ್ಲ ತಾಮ್ರ ಚೂರೇ ಚೂರು ಇದ್ದರೂ ವಿಷ. ಕಲ್ಲು, ಮರಳಿಗೆ ಒಮ್ಮೆ ಹಿಡಿದರೆ ಪೂರ್ತಿ ತೆಗೆಯುವುದು ಬಹಳ ಕಷ್ಟ. ಮದ್ದು ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬೇಡಿ. ಮದ್ದು ಬಿಟ್ಟು ಬಂದ ಕೈಯನ್ನು ಟ್ಯಾಂಕಿಗೆ ಹಾಕಬೇಡಿ. ಧಾರಾಳ ಮಳೆ ಇದೆಯಲ್ಲ ಎಂದು ಮಾಡಿನ ನೀರು ಹಿಡಿಯುವವರೂ ಇದ್ದಾರೆ. ತೋಟದ ಮದ್ದು ಗಾಳಿಯಲ್ಲಿ ಹಾರಿ ಅದೇ ಮಾಡಿನ ಮೇಲೆ ಕೂತಿರುತ್ತದೆ. ಪೈಪ್‌ಲೈನಿನಲ್ಲಿ ಹಿತ್ತಾಳೆ ವಾಲ್ವ್ ಕೂಡ ಬೇಡ, ಪಿವಿಸಿ ಹಾಕಿಸಿ.

ಪೆರ್ಲ, ಬಾಯಾರು ಕಡೆಯವರು ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರು ಕನ್ನಡಿ ತರ ಇದೆ, ಆರ್‌ಒ ಯಾಕೆ ಎನ್ನುತ್ತಾರೆ. ಕುಡಿಯಲು ಒಳ್ಳೆಯ ನೀರೇ. ಆದರೆ ಮಣ್ಣಿನಿಂದ ಬರುವ ಸಿಲಿಕೇಟ್ ಕಣ್ಣಿಗೆ ಕಾಣುವುದಿಲ್ಲ, ಗಾಜಿನ ಮೇಲೆ ಕಂದು ಪಾಚಿಯಾದಾಗಲೇ ಗೊತ್ತಾಗುವುದು. ಆರ್‌ಒ, ಅದರ ಹಿಂದೆ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಫಿಲ್ಟರ್) ಎರಡನ್ನೂ ಇಡಿ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಸೊನ್ನೆ ಬರಬೇಕು.

ಚಾವಡಿ ಅಂದದ್ದು ಒಳ್ಳೆಯದಾಯಿತು, ಮಹಡಿ ಅಂದಿದ್ದರೆ ಬೇಡ ಎನ್ನುತ್ತಿದ್ದೆ. ನೀರು, ಗಾಜು, ಕಲ್ಲು ಸೇರಿ ಎರಡು ಟನ್ ದಾಟುತ್ತದೆ. ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕುತ್ತಾರೆ, ನಿಮ್ಮ ಟ್ಯಾಂಕ್ ಅಷ್ಟೇ ಜಾಗದ ಮೇಲೆ ಸುಮಾರು ಒಂದು ಟನ್ ಹೇರುತ್ತದೆ. ಕೆಳಗಾದರೂ ಮಣ್ಣು ತುಂಬಿಸಿದ ನೆಲ ಕುಸಿಯಬಹುದು, ಒಂದು ಮೂಲೆ ಇಳಿದರೂ ಗಾಜು ಬಿರಿಯುತ್ತದೆ. ಟೈಲ್ಸ್ ತೆಗೆಸಿ ಕಾಂಕ್ರೀಟ್ ಬೆಡ್ ಹಾಕಿಸಿ, ಎಂಜಿನಿಯರ್ ಒಬ್ಬರಿಗೆ ತೋರಿಸಿ. ಕಬ್ಬಿಣದ ಸ್ಟ್ಯಾಂಡ್ ನಮ್ಮ ಕರಾವಳಿಯಲ್ಲಿ ಸುಮ್ನೆ ತುಕ್ಕು ಹಿಡಿಯುತ್ತದೆ, ಮುರಕಲ್ಲಿನ ಕಟ್ಟೆ ಕಟ್ಟಿ ಮೇಲೆ ಕಾಂಕ್ರೀಟ್ ಹಾಸು ಹಾಕಿಸಿದರೆ ಚಿಂತೆ ಇಲ್ಲ.

ಬೆಂಗಳೂರಿನವರು ನೀರಿನ ಮೇಲೆ ಫ್ಯಾನ್ ಬಿಟ್ಟು ಟ್ಯಾಂಕ್ ತಣ್ಣಗಿಡುತ್ತಾರೆ. ಇಲ್ಲಿ ಗಾಳಿಯೇ ಒದ್ದೆ, ನೀರು ಬೇಗ ಆರುವುದಿಲ್ಲ, ತಣಿಯುವುದೂ ಕಡಿಮೆ. ಚಿಲ್ಲರ್‌ಗೆ ದುಡ್ಡು ತೆಗೆದಿಡಿ, 26 ಡಿಗ್ರಿ ಹತ್ತಿರ ನಿಲ್ಲಬೇಕು. ಗೋಡೆಗೆ ಬೂಸ್ಟು ಹಿಡಿಯದಂತೆ ಒಂದು ಎಕ್ಸಾಸ್ಟ್ ಫ್ಯಾನ್ ಕೂಡ ಬೇಕು. ಗಾಳಿಮಳೆಗೆ ಕರೆಂಟ್ ಹೋಗುವುದು ನಿಮಗೆ ಗೊತ್ತೇ ಇದೆ. ಪಂಪ್ ನಿಂತಾಗ ಮೇಲಿನ ನೀರು ಸಂಪ್‌ಗೆ (ಟ್ಯಾಂಕಿನ ಕೆಳಗಿಡುವ ಚಿಕ್ಕ ತೊಟ್ಟಿ) ಇಳಿಯುತ್ತದೆ. ನಿಮ್ಮ ಅಳತೆಗೆ ಒಂದು ಇಂಚು ಇಳಿದರೆ 57 ಲೀಟರ್, ಸಂಪ್‌ನಲ್ಲಿ ಅದಕ್ಕೆ ಜಾಗ ಬಿಡಿ. ನೀರು ಅಲ್ಲಾಡಿಸುವ ಒಂದು ಪಂಪಾದರೂ ಇನ್ವರ್ಟರ್ ಮೇಲೆ ಇರಲಿ, ಇಲ್ಲದಿದ್ದರೆ ಮೀನುಗಳು ಉಸಿರು ಕಟ್ಟಿ ಸಾಯುತ್ತವೆ.

ಹವಳದ ಬಗ್ಗೆ ಒಂದು ಮಾತು. ರೀಫ್ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ದ್ವೀಪದಿಂದ ಯಾರೋ ತಂದುಕೊಟ್ಟ ಸತ್ತ ಹವಳದ ತುಂಡಾದರೂ ಕೇಸ್ ಆಗಬಹುದು. ಅಲಂಕಾರಕ್ಕೆ ಸಿಮೆಂಟಿನಿಂದಲೋ ಸೆರಾಮಿಕ್‌ನಿಂದಲೋ ಮಾಡಿದ ರೀಫ್ ರಾಕ್ ತನ್ನಿ.

ತೆಗೆದ ಹಳೇ ನೀರನ್ನು ಎಲ್ಲಿ ಚೆಲ್ಲುತ್ತೀರಿ ಎಂದು ಈಗಲೇ ಯೋಚಿಸಿ. ತೆಂಗು ಸ್ವಲ್ಪ ಉಪ್ಪು ತಡೆಯುತ್ತದೆ, ಅಡಿಕೆ ತಡೆಯುವುದಿಲ್ಲ. ಬಾವಿ ಹತ್ತಿರವಂತೂ ಬೇಡವೇ ಬೇಡ, ನಮ್ಮ ಮುರಮಣ್ಣಿನಲ್ಲಿ ನೀರು ಬೇಗ ಇಂಗಿ ಬಾವಿಗೇ ಬರುತ್ತದೆ. ಬಾವಿಯಿಂದ ದೂರಕ್ಕೆ ಹೋಗುವ ಒಂದು ಲೈನನ್ನು ಪ್ಲಂಬಿಂಗ್ ಮಾಡಿಸುವಾಗಲೇ ಎಳೆಸಿಬಿಡಿ.