ಮೂರು ಅಕ್ಷರಗಳ ಮೇಲೆ ಇಷ್ಟೊಂದು ಸಿಟ್ಟೇಕೆ?

1955ರಲ್ಲಿ ಸೋವಿಯತ್ ಅರ್ಮೇನಿಯದ ಯೆರೆವಾನ್ ರೇಡಿಯೊ ಕುರ್ದಿಷ್ ಭಾಷೆಯಲ್ಲಿ ಪ್ರಸಾರ ಆರಂಭಿಸಿತು. ಗಡಿಯ ಈಚೆ, ತಮ್ಮ ಭಾಷೆಗೆ ಕಡಿವಾಣವಿದ್ದ ಟರ್ಕಿಯ ಹಳ್ಳಿಗಳಲ್ಲಿ ಕುರ್ದರು ಅದನ್ನು ಕದ್ದು ಕೇಳುತ್ತಿದ್ದರು. ‘ಯೆರೆವಾನ್ ಖಬರ್ ದಿದೆ’ ಅಂದರೆ, ಯೆರೆವಾನ್ ಮಾತನಾಡುತ್ತಿದೆ. ನಮ್ಮ ‘ಖಬರು’ ಅವರಲ್ಲೂ ಇದೆ. ಲ್ಯಾಟಿನ್ ಲಿಪಿಯ ಕುರ್ದಿಷ್‌ನಲ್ಲಿ ಆ ‘ಖ’ ಸದ್ದಿಗೆ ಎಕ್ಸ್ ಅಕ್ಷರ ಬೇಕು. ತೊಡಕು ಇರುವುದು ಅಲ್ಲೇ: ಕುರ್ದಿಷ್‌ಗೆ ಬೇಕಾದ ಕ್ಯೂ, ಡಬ್ಲ್ಯೂ, ಎಕ್ಸ್ ಮೂರೂ ಟರ್ಕಿಯ ವರ್ಣಮಾಲೆಯಲ್ಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಸೋತ ಆಟೊಮನ್ ಸಾಮ್ರಾಜ್ಯದ ಜೊತೆ ಆದ 1920ರ ಸೆವ್ರ್ ಒಪ್ಪಂದ ಕುರ್ದರಿಗೆ ಸ್ವಾಯತ್ತತೆಯ ಆಸೆ ಹುಟ್ಟಿಸಿತ್ತು. ಅದರ ಬದಲಿಗೆ ಬಂದ 1923ರ ಲೊಸಾನ್ ಒಪ್ಪಂದದಲ್ಲಿ ಅದರ ಸುಳಿವೇ ಇರಲಿಲ್ಲ. ಟರ್ಕಿ, ಇರಾನ್, ಇರಾಕ್, ಸಿರಿಯ ಎಂದು ಕುರ್ದರ ನೆಲ ನಾಲ್ಕು ದೇಶಗಳಲ್ಲಿ ಉಳಿಯಿತು. 1928ರಲ್ಲಿ ಟರ್ಕಿ ಹೊಸ ವರ್ಣಮಾಲೆಯ ಕಾನೂನು ತಂದಿತು. ಅದರಲ್ಲಿ 29 ಅಕ್ಷರ; ಕ್ಯೂ, ಡಬ್ಲ್ಯೂ, ಎಕ್ಸ್ ಇಲ್ಲ. ಟರ್ಕಿಷ್‌ಗೆ ಅವು ಬೇಡವಾಗಿದ್ದವು ನಿಜ. ಆದರೆ 1932ರಲ್ಲಿ ದಮಾಸ್ಕಸ್‌ನಲ್ಲಿ ಕುರ್ದಿಷ್ ಲೇಖಕ ಜಲಾದತ್ ಬದಿರ್‌ಖಾನ್ ‘ಹಾವಾರ್’ ಪತ್ರಿಕೆ ಹೊರಡಿಸಿ ಕುರ್ದಿಷ್‌ಗೆ ಲ್ಯಾಟಿನ್ ಲಿಪಿ ಹೊಂದಿಸಿದಾಗ ಮೂರೂ ಬೇಕಾದವು. ಹಾವಾರ್ ಎಂದರೆ ಮೊರೆ. ಆ ಪದಕ್ಕೇ ಡಬ್ಲ್ಯೂ ಬೇಕು!

ಮುಂದೆ ಟರ್ಕಿಯಲ್ಲಿ ಮಗುವಿಗೆ ‘ವೆಲಾತ್’ (ತಾಯ್ನಾಡು) ಎಂದು ಹೆಸರಿಟ್ಟವರು ನೋಂದಣಿಯಲ್ಲಿ ಡಬ್ಲ್ಯೂ ಕೈಬಿಟ್ಟು ವಿ ಬರೆಸಬೇಕಾಯಿತು. ಮಾರ್ಚ್ 21ರಂದು ಬೆಂಕಿ ಹಾಕಿ, ಅದನ್ನು ಹಾರಿ ಆಚರಿಸುವ ಹೊಸ ವರ್ಷದ ಹಬ್ಬ ನೌರೋಜ್‌ಗೂ ಇದೇ ಗತಿ. ಹಬ್ಬದ ಹೆಸರನ್ನು ಡಬ್ಲ್ಯೂ ಹಾಕಿ ಬರೆದದ್ದಕ್ಕೆ ಮೊಕದ್ದಮೆಗಳಾದವು. ಅದೇ ದೇಶದ ಶೌಚಾಲಯದ ಫಲಕದಲ್ಲಿ ‘ಡಬ್ಲ್ಯೂ.ಸಿ.’ ಎಂದಿದ್ದರೆ ಯಾರಿಗೂ ತಕರಾರಿರಲಿಲ್ಲ.

ಬರೆಯಲಾಗದ್ದನ್ನು ದೆಂಗ್‌ಬೇಜ್‌ಗಳು, ಅಂದರೆ ಕಥೆ ಹಾಡುವ ಕುರ್ದಿಷ್ ಗಾಯಕರು, ಹಾಡಿದರು. ದೆಂಗ್ ಎಂದರೆ ದನಿ, ಬೇಜ್ ಎಂದರೆ ಹೇಳು. ಟರ್ಕಿಯ ಕುರ್ದಿಷ್ ನಗರ ದಿಯಾರ್‌ಬಕಿರ್‌ನ ಕೋಟೆಯೊಳಗೆ, ಕಪ್ಪುಕಲ್ಲಿನ ಹಳೆಯ ಮನೆಯೊಂದರ ಅಂಗಳದಲ್ಲಿ ಇಂದಿಗೂ ಮುದುಕರು ಸಾಲಾಗಿ ಕೂರುತ್ತಾರೆ. ಒಬ್ಬ ಕಿವಿಗೆ ಕೈಯಾನಿಸಿ, ವಾದ್ಯವಿಲ್ಲದೆ, ಉಸಿರು ಮುಗಿಯುವವರೆಗೂ ಕದನ, ಪ್ರೇಮ, ವಲಸೆಯ ಕಥೆ ಎಳೆಯುತ್ತಾನೆ. ಉಳಿದವರ ಕೈಯಲ್ಲಿ ಸೊಂಟ ಸಣ್ಣಗಿರುವ ಗಾಜಿನ ಲೋಟದ ಕಪ್ಪು ಚಹಾ.

ಕುರ್ದಿಷ್‌ನಲ್ಲಿ ಪ್ರಕಟಣೆಯನ್ನು ನಿಷೇಧಿಸಿದ್ದ ಟರ್ಕಿಯ 1983ರ ಕಾನೂನು 1991ರಲ್ಲಿ ರದ್ದಾಯಿತು. ಅದೇ ವರ್ಷ ಹೊಸದಾಗಿ ಆಯ್ಕೆಯಾದ ಕುರ್ದಿಷ್ ಸಂಸದೆ ಲೇಲಾ ಜಾನಾ ಸಂಸತ್ತಿನಲ್ಲಿ ಪ್ರಮಾಣವಚನದ ಕೊನೆಗೆ ಕುರ್ದಿಷ್‌ನಲ್ಲಿ ಒಂದೇ ವಾಕ್ಯ ಸೇರಿಸಿದರು, ಅದೂ ಎರಡು ಜನಾಂಗಗಳ ಸೋದರತ್ವದ ಬಗ್ಗೆ. ಸಭೆಯಲ್ಲಿ ಗದ್ದಲವೆದ್ದಿತು. 1994ರಲ್ಲಿ ಸೆರೆಯಾದ ಆಕೆ ಹೊರಬಂದದ್ದು 2004ರಲ್ಲಿ. ಆದರೆ ನೆರೆಯ ಇರಾಕಿನಲ್ಲಿ 2005ರ ಸಂವಿಧಾನ ಕುರ್ದಿಷ್‌ಗೆ ಅರಬ್ಬಿಯ ಸಮಕ್ಕೆ ಅಧಿಕೃತ ಸ್ಥಾನ ಕೊಟ್ಟಿದೆ.

2013ರ ಸುಧಾರಣೆಗಳಲ್ಲಿ ಟರ್ಕಿ ಮೂರು ಅಕ್ಷರಗಳನ್ನು ಬಿಡುಗಡೆ ಮಾಡುವುದಾಗಿ ಘೋಷಿಸಿತು. ಅದಕ್ಕೂ ಒಂದು ವರ್ಷ ಮೊದಲು ಶಾಲೆಗೆ ಕುರ್ದಿಷ್ ಐಚ್ಛಿಕ ಪಾಠವಾಗಿ ಬಂದಿತ್ತು: ವಾರಕ್ಕೆ ಎರಡು ಅವಧಿ, ಕನಿಷ್ಠ ಹತ್ತು ಮಕ್ಕಳು ಕೇಳಿದರೆ. ವಿಷಯದ ಹೆಸರಿನಲ್ಲಿ ‘ಕುರ್ದಿಷ್’ ಎಂಬ ಪದವಿಲ್ಲ. ‘ಜೀವಂತ ಭಾಷೆಗಳು ಮತ್ತು ಉಪಭಾಷೆಗಳು’ ಎಂದಿದೆ.