ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಡಿತ್ ಕ್ಲಾರ್ಕ್ ‘ಕಂಪ್ಯೂಟರ್’ ಆಗಿದ್ದು ಹೇಗೆ?

ಪ್ರಶ್ನೆ: ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರ್ ಎಡಿತ್ ಕ್ಲಾರ್ಕ್ 1912ರಲ್ಲಿ ‘ಕಂಪ್ಯೂಟರ್’ ಆಗಿ ಕೆಲಸಕ್ಕೆ ಸೇರಿದರು ಎಂದು ಓದಿದೆ. ಆಗ ಕಂಪ್ಯೂಟರೇ ಇರಲಿಲ್ಲ ಅಲ್ವಾ?

ಉತ್ತರ: ಯಂತ್ರ ಇರಲಿಲ್ಲ, ಹೆಸರು ಇತ್ತು. ಲೆಕ್ಕ ಮಾಡುವವರನ್ನೇ ಆಗ ಕಂಪ್ಯೂಟರ್ ಎನ್ನುತ್ತಿದ್ದರು. ಎಂಜಿನಿಯರ್ ಸಮೀಕರಣ ಕೊಡುತ್ತಿದ್ದ, ಕೂತು ಉತ್ತರ ತೆಗೆಯುವುದು ಇವರ ಪಾಲು. ಈ ಕೆಲಸದಲ್ಲಿ ಹೆಣ್ಣುಮಕ್ಕಳು ಬಹಳ ಜನ ಇದ್ದರು.

ಕ್ಲಾರ್ಕ್ ಹುಟ್ಟಿದ್ದು 1883ರಲ್ಲಿ, ಮೇರಿಲ್ಯಾಂಡ್‌ನಲ್ಲಿ. 12ನೇ ವಯಸ್ಸಿಗೇ ತಬ್ಬಲಿ. ಪಿತ್ರಾರ್ಜಿತವಾಗಿ ಬಂದ ಹಣದಲ್ಲಿ ವಾಸರ್ ಕಾಲೇಜಿಗೆ ಸೇರಿ ಗಣಿತ, ಖಗೋಳವಿಜ್ಞಾನ ಓದಿದರು. ಕೆಲವು ವರ್ಷ ಪಾಠ ಹೇಳಿ, ಆಮೇಲೆ ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿಯಲ್ಲಿ ಈ ಲೆಕ್ಕದ ಕೆಲಸ ಹಿಡಿದರು. 1919ರಲ್ಲಿ ಎಂಐಟಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಇಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿ ಆ ಪದವಿ ಪಡೆದ ಮೊದಲ ಹೆಣ್ಣು ಅವರೇ.

ಇಷ್ಟೆಲ್ಲ ಓದಿದ ಮೇಲೂ ಜನರಲ್ ಎಲೆಕ್ಟ್ರಿಕ್ ಕಂಪನಿ ಕೊಟ್ಟ ಕೆಲಸ ಯಾವುದು ಗೊತ್ತಾ? ಟರ್ಬೈನ್ ವಿಭಾಗದ ಕಂಪ್ಯೂಟರ್‌ಗಳ ಮೇಲ್ವಿಚಾರಣೆ! ಎಂಜಿನಿಯರ್ ಹುದ್ದೆ ಮಾತ್ರ ಇಲ್ಲ.

ಆದರೆ ಅವರು ಸುಮ್ನೆ ಕೂರಲಿಲ್ಲ. ನೂರಾರು ಕಿಲೋಮೀಟರ್ ಉದ್ದದ ವಿದ್ಯುತ್ ಲೈನಿನಲ್ಲಿ ಒಂದು ತುದಿಯ ವೋಲ್ಟೇಜ್, ಕರೆಂಟ್ ಗೊತ್ತಿದ್ದರೆ ಇನ್ನೊಂದು ತುದಿಯದನ್ನು ಕಂಡುಹಿಡಿಯುವುದು ತಲೆನೋವಿನ ಲೆಕ್ಕ. ಅದನ್ನು ಗ್ರಾಫಿನ ಮೇಲೆ ಓದಿ ಹೇಳುವಂಥ ಒಂದು ಸಾಧನ ಮಾಡಿದರು. 1921ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1925ರಲ್ಲಿ ಸಿಕ್ಕಿತು. ಲೆಕ್ಕದಲ್ಲಿ ಬೆವರು ಸುರಿಸಿದವರಿಗೇ ಇಂಥದ್ದು ಹೊಳೆಯೋದು ಅಂತ ನನಗನ್ನಿಸುತ್ತದೆ.

1921ರಲ್ಲೇ ಆ ಕೆಲಸ ಬಿಟ್ಟು ಟರ್ಕಿಗೆ ಹೋಗಿ, ಇಸ್ತಾಂಬುಲ್‌ನ ಮಹಿಳಾ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದರು. ಮರುವರ್ಷ ವಾಪಸ್ ಬಂದಾಗ ಅದೇ ಕಂಪನಿ ಕೊನೆಗೂ ಎಂಜಿನಿಯರ್ ಹುದ್ದೆ ಕೊಟ್ಟಿತು. 1945ರವರೆಗೆ ಅಲ್ಲೇ ಇದ್ದರು. ಆಮೇಲೆ ಊರಿಗೆ ಮರಳಿ ತೋಟ ನೋಡಿಕೊಂಡಿರಬೇಕೆಂದಿದ್ದವರು 1947ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. 1959ರಲ್ಲಿ ತೀರಿಕೊಂಡರು.

ಎಲೆಕ್ಟ್ರಿಕಲ್ ಓದಿದವರಿಗೆ ‘ಕ್ಲಾರ್ಕ್ ಟ್ರಾನ್ಸ್‌ಫಾರ್ಮೇಷನ್’ ಎಂಬ ಲೆಕ್ಕದ ವಿಧಾನ ನೆನಪಿರಬಹುದು. ಆ ಕ್ಲಾರ್ಕ್ ಇವರೇ. ಮೂರು ತಂತಿಗಳಲ್ಲಿ ಕರೆಂಟ್ ಹರಿಯುವ ತ್ರೀ ಫೇಸ್ ಲೈನಿನಲ್ಲಿ ಮೂರೂ ಕರೆಂಟುಗಳ ಮೊತ್ತ ಸೊನ್ನೆಯಾಗಿದ್ದರೆ, ಮೂರರ ಬದಲು ಎರಡೇ ಸಂಖ್ಯೆ ಇಟ್ಟುಕೊಂಡು ಲೆಕ್ಕ ಮುಗಿಸಬಹುದು. ಈಗ ಎಲೆಕ್ಟ್ರಿಕ್ ಕಾರಿನ ಮೋಟಾರು ತಿರುಗುವಾಗ ಅದರ ಕಂಟ್ರೋಲರ್‌ನಲ್ಲಿರುವ ಚಿಪ್ ಸೆಕೆಂಡಿಗೆ ಸಾವಿರಾರು ಸಲ ಮಾಡುವುದು ಇದೇ ಲೆಕ್ಕವನ್ನು.